ಇಲಿಯೂರಿನ ಎಮ್ಮೆ

ಚಿಕ್ಕಬಸಮ್ಮನ ಬಾಯಲ್ಲಿ ‘ಹ’ ಇರಲಿಲ್ಲ. ಅವಳ ಅವ್ವನ ಬಾಯಲ್ಲೂ ಇರಲಿಲ್ಲ, ಅಜ್ಜಿ ಬಾಯಲ್ಲೂ ಇರಲಿಲ್ಲ. ಅದಿಲ್ಲ ಅಂತ ಯಾರ ಮನೆಯ ಒಲೆಯೂ ಆರಿರಲಿಲ್ಲ. ಹಸುವನ್ನು ಅಸು ಅಂದರೂ ಅದು ಹಾಲನ್ನೇ ಕೊಡುತ್ತಿತ್ತು. ಹೊಲವನ್ನು ಒಲ ಅಂದರೂ ರಾಗಿ ಬೆಳೆಯುತ್ತಿತ್ತು. ಹಸಿವನ್ನು ಅಸಿವು ಅಂದರೆ ಅದೇನೂ ಕಮ್ಮಿಯಾಗುತ್ತಿರಲಿಲ್ಲ, ಅದೊಂದು ಬೇಜಾರು.

‘ಹ’ ಬರದಿರುವುದು ಒಂದು ಅಪರಾಧ ಅಂತ ಗೊತ್ತಾದದ್ದು ತೊಂಬತ್ತಾರನೇ ಇಸವಿಯಲ್ಲಿ, ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಹಿಲ್ ವ್ಯೂ ಬಡಾವಣೆ ಎದ್ದು ನಿಂತ ಮೇಲೆ.

ಮೊದಲು ಅದು ಕೇರಿಯ ದನ ಮೇಯುವ ಬೀಳು. ಹೇಗೆ ಯಾರ ಹೆಸರಿಗಾಯಿತೋ ಕೇರಿಯವರಿಗೆ ತಿಳಿಯಲಿಲ್ಲ. ಒಂದು ದಿನ ಕಲ್ಲು ನೆಟ್ಟರು, ಸುಣ್ಣದ ಗೆರೆ ಎಳೆದರು. ಕೇಳಲು ಹೋದವರಿಗೆ ರೇಷ್ಮೆ ಸೀರೆ ವ್ಯಾಪಾರಿ ರುದ್ರಸ್ವಾಮಿ, “ನಿಮಗೆಲ್ಲ ಕೆಲಸ ಸಿಗುತ್ತೆ, ಹೋಗ್ರಿ” ಅಂದ. ಸುಳ್ಳು ಹೇಳಲಿಲ್ಲ. ಕೆಲಸ ಸಿಕ್ಕಿತು. ಕೇರಿಯ ಹೆಂಗಸರು ತಮ್ಮದೇ ಬೀಳಿನಲ್ಲಿ ಪಾಯ ಅಗೆದರು, ಜಲ್ಲಿ ಹೊತ್ತರು. ಬಾಗಿಲಿಗೆ ಕಮಾನು ಕಟ್ಟುವಾಗ ಚಿಕ್ಕಬಸಮ್ಮ ಕಲಸಿದ ಸಿಮೆಂಟನ್ನು ಬಾಂಡ್ಲಿಯಲ್ಲಿ ತುಂಬಿ ತಲೆ ಮೇಲಿಟ್ಟುಕೊಂಡು ಏಣಿ ಹತ್ತಿದಳು. ಇಳಿದಳು. ಮತ್ತೆ ಹತ್ತಿದಳು. ಸಿಂಬಿ ಜಾರಿ ಜಾರಿ ನೆತ್ತಿಯ ಕೂದಲು ಕಿತ್ತುಹೋಯಿತು, ಮತ್ತೆ ಹುಟ್ಟಲಿಲ್ಲ. ಕಮಾನು ಮುಗಿದ ದಿನ ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದರು: ‘ಹಿಲ್ ವ್ಯೂ ಬಡಾವಣೆ, ನಮ್ಮ ಹೆಮ್ಮೆ’.

ಒಂದು ಜಾಗ ದೊಡ್ಡವರ ಜಾಗ ಅನ್ನಿಸಿಕೊಳ್ಳಲು ಏನೇನು ಬೇಕು ಅನ್ನುವುದರಲ್ಲಿ ರುದ್ರಸ್ವಾಮಿಯನ್ನು ಮೀರಿಸುವವರಿರಲಿಲ್ಲ. ಬಡಾವಣೆಯ ಸಂಘಕ್ಕೆ ಅವನೇ ಅಧ್ಯಕ್ಷ. ಇಂಗ್ಲಿಷ್ ಹೆಸರು ಬೇಕು, ಇಟ್ಟ. ಗೇಟು ಬೇಕು, ಹಾಕಿಸಿದ. ಗೇಟಿಗೆ ಕಾಕಿ ಬಟ್ಟೆಯ ಕಾವಲುಗಾರ ಬೇಕು. ಚಿಕ್ಕಬಸಮ್ಮನ ಮಗ ಮಾದುವನ್ನೇ ತಂದು ನಿಲ್ಲಿಸಿದ. ಕೇರಿಯವರನ್ನು ತಡೆಯಲು ಕೇರಿಯವನೇ ವಾಸಿ, ಅವನಿಗೆ ಎಲ್ಲರ ಮುಖ ಗೊತ್ತು ಅನ್ನುವುದು ರುದ್ರಸ್ವಾಮಿಯ ತರ್ಕ. ಸುತ್ತ ಎತ್ತರದ ಕಾಂಪೌಂಡು ಬೇಕು, ಕೇರಿ ಕಣ್ಣಿಗೆ ಬೀಳಬಾರದಲ್ಲ. ಅದನ್ನೂ ಕಟ್ಟಿಸಿದ. ಕಾಂಪೌಂಡು ಎದ್ದು, ಅದರೊಳಗೆ ಒಬ್ಬರ ಮಹಡಿಗೆ ಇನ್ನೊಬ್ಬರ ಮಹಡಿ ಅಡ್ಡ ಎದ್ದು, ಕೊನೆಗೆ ಹಿಲ್ ವ್ಯೂನಲ್ಲಿ ಯಾರಿಗೂ ಹಿಲ್ ಕಾಣದಂತಾಯಿತು. ಬಿಳಿಗಿರಿರಂಗನ ಬೆಟ್ಟ ಬುಡದಿಂದ ತುದಿಯವರೆಗೆ ಕಾಣುತ್ತಿದ್ದುದು ಕೇರಿಯ ತಿಪ್ಪೆ ಮೇಲೆ ನಿಂತರೆ.

ಹನೂರು ರಸ್ತೆಯಿಂದ ಬಡಾವಣೆಗೆ ತಿರುಗುವ ಮೂಲೆಯಲ್ಲಿ ಮಾತ್ರ ಬೋರ್ಡು ಹಾಕಿಸಲಿಲ್ಲ. ಆ ಮೂಲೆಯಲ್ಲಿದ್ದದ್ದು ಕೇರಿ. ಅಲ್ಲಿ ಬೋರ್ಡು ನೆಟ್ಟರೆ ನೋಡಿದವರು ಕೇರಿಯನ್ನೇ ಹಿಲ್ ವ್ಯೂ ಅಂದುಕೊಂಡಾರು ಅಂತ ಭಯ.

ಇಷ್ಟೆಲ್ಲ ಮಾಡಿದ ಮೇಲೆ ಹೆಸರೇ ಕೈಕೊಟ್ಟಿತು. ಬಸ್ಸಿನ ಕಂಡಕ್ಟರು ಮೊದಮೊದಲು ‘ಇಲ್ ವ್ಯೂ’ ಅಂದ. ಆಮೇಲೆ ‘ಇಲಿವ್ಯೂ’ ಅಂದ. ತಿಂಗಳು ಕಳೆಯುವುದರೊಳಗೆ, “ಯಾರ್ರೀ ಇಲಿಯೂರು, ಇಳ್ಕಳಿ ಬಿರ್ರನೆ” ಅಂತ ಸೀಟಿ ಊದಿದ. ಅಲ್ಲಿಗೆ ಮುಗಿಯಿತು. ಹಾಲಿನವನು, ಪೇಪರಿನವನು, ಅಂಚೆಯವನು ಎಲ್ಲರಿಗೂ ಅದು ಇಲಿಯೂರು. ಹೆಸರು ಇಲಿಯೂರಾದ ಮೇಲೆ ಕಮಾನಿನ ಬರಹವೂ ಸುಮ್ಮನಿರಲಿಲ್ಲ. ಓದು ಬಲ್ಲವರು ಕೇರಿಯಲ್ಲಿ ಓದಿ ಹೇಳಿದರು: ‘ಇಲಿಯೂರು ಬಡಾವಣೆ, ನಮ್ಮ ಎಮ್ಮೆ’.

“ಎಮ್ಮೆ ನಮ್ದೇಯ, ಮೇಯ್ತಿದ್ದ ಜಾಗವೂ ನಮ್ದೇಯ. ಸತ್ಯ ಬರಸವ್ರಲ್ಲ, ಪರವಾಗಿಲ್ಲ ಕಣ್ರಲಾ” ಅಂತ ಕೇರಿಯ ಮುದುಕ ದೊಡ್ಡಸಿದ್ದಯ್ಯ ಮೆಚ್ಚಿಕೊಂಡ.

ರುದ್ರಸ್ವಾಮಿಗೆ ನಿದ್ದೆ ಹೋಯಿತು. ಪೇಟೆಯಲ್ಲಿ ಯಾರೋ “ಇಲಿಯೂರು ರುದ್ರಸ್ವಾಮಿಯೋರಲ್ವಾ?” ಅಂತ ಕೈಮುಗಿದ ದಿನ ಅವನು ಊಟ ಬಿಟ್ಟ. ಮಗಳು ಇಂಚರಳನ್ನು ನೋಡಲು ಮೈಸೂರಿನಿಂದ ಗಂಡಿನ ಕಡೆಯವರು ಬರುವುದಿತ್ತು. ಅವರ ಕಿವಿಗೆ ಈ ಇಲಿ ಬಿದ್ದರೆ ಗತಿ? ಸಂಘದ ಸಭೆ ಕರೆದ, ಒಂದು ರೂಲ್ಸು ಮಾಡಿಸಿದ. ಬಡಾವಣೆಯ ಹೆಸರನ್ನು ನೆಟ್ಟಗೆ ಹೇಳಿದವರಿಗೆ ಮಾತ್ರ ಕಮಾನಿನ ಗೇಟು. ಹೇಳಲು ಬಾರದವರು ಹಿಂದಿನ ಕಿಂಡಿಯಲ್ಲಿ ಬರಲಿ.

“ನಾನು ಜಾತಿ ಗೀತಿ ನೋಡೋನಲ್ಲ” ಅಂತ ಗೇಟಿನಲ್ಲಿ ನಿಂತು ಸಾರಿದ. “ಉಚ್ಚಾರಣೆ ನೋಡೋನು.”

ಮಾರನೆಯ ಬೆಳಿಗ್ಗೆ ಚಿಕ್ಕಬಸಮ್ಮ ಪೊರಕೆ ಹಿಡಿದು ಗೇಟಿಗೆ ಬಂದರೆ ಮಗ ಅಡ್ಡ ನಿಂತಿದ್ದ.

“ಯಾವೂರ್ಗವ್ವಾ?”

“ಥೂ ನಿನ್ ಮೊಕಕ್ಕೆ. ಈಗಿನ್ನೂ ನಾನಿಕ್ಕಿದ ಇಟ್ಟು ಉಣ್ಕಂಡು ಬಂದು ನನ್ನೇ ಕೇಳಿಯಲ್ಲಾ.”

“ರೂಲ್ಸ್ ಕನವ್ವ. ಕೇಳ್ದೆ ಬುಟ್ರೆ ನನ್ನ ಕೆಲ್ಸ ಓಯ್ತದೆ. ಏಳವ್ವ.”

“ಇಲಿಯೂರ್ಗೆ.”

ಮಾದು ಅಳುವ ಮುಖ ಮಾಡಿದ. “ಅಂಗಾರೆ ಕಿಂಡಿ ಕನವ್ವ.”

ಕಿಂಡಿ ಅಂದರೆ ಮಳೆನೀರು ಹರಿಯಲಿ ಅಂತ ಕಾಂಪೌಂಡಿನ ಬುಡದಲ್ಲಿ ಬಿಟ್ಟಿದ್ದ ತೂತು. ಸೊಂಟದೆತ್ತರಕ್ಕಿಂತ ಕಮ್ಮಿ. ಅದರಲ್ಲಿ ನಡೆದು ಹೋಗಲಾಗದು, ಬಗ್ಗಬೇಕು. ಬಗ್ಗಿದರೆ ಸಾಲದು, ಸೆರಗು ಕಟ್ಟಿಕೊಂಡು ಎರಡು ಕೈ ಕೆಸರಿಗೂರಿ ತೆವಳಬೇಕು. ಕೇರಿಯ ಹೆಂಗಸರು ದಿನಾ ಬೆಳಿಗ್ಗೆ ಹಾಗೆ ಒಳಗೆ ಹೋಗಿ ದೊಡ್ಡವರ ಅಂಗಳ ಗುಡಿಸಿದರು, ಪಾಯಿಖಾನೆ ತೊಳೆದರು, ಕಸ ಹೊತ್ತರು. ಮಧ್ಯಾಹ್ನ ಹಾಗೆಯೇ ತೆವಳಿ ಹೊರಗೆ ಬಂದರು. ಚಿಕ್ಕಬಸಮ್ಮ ಎತ್ತರದ ಆಳು. ಒಂದು ದಿನ ಕಸದ ಕುಕ್ಕೆಯನ್ನು ಮುಂದೆ ತಳ್ಳಿ ತಾನು ನಡುವಲ್ಲಿರುವಾಗ ಸೊಂಟ ಹಿಡಿದುಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮಹಡಿಯ ಮೇಲೆ ಕಾಫಿ ಕುಡಿಯುತ್ತಿದ್ದವರು ಬಗ್ಗಿ ನೋಡಿ ನಕ್ಕರು. ಹಿಂದಿನಿಂದ ಇಬ್ಬರು ಹೆಂಗಸರು ಅವಳ ಕಾಲು ಹಿಡಿದು ಎಳೆದರು. ಆವತ್ತು ಅವಳು ಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನೋವಿಗಿಂತ ನಾಚಿಕೆ ಹೆಚ್ಚಾಗಿತ್ತು.

ರುದ್ರಸ್ವಾಮಿ ಕಲ್ಲೆದೆಯವನೇನಲ್ಲ. ಕಲಿಸುತ್ತೇನೆ ಬನ್ನಿ ಅಂದ. ಭಾನುವಾರ ಬೆಳಿಗ್ಗೆ ಕಮಾನಿನ ಹೊರಗೆ, ಬಿಸಿಲಿನಲ್ಲಿ, ಪಾಠ. ತಾನು ಒಳಗೆ, ನೆರಳಿನಲ್ಲಿ.

“ಕೈನ ಬಾಯಿ ಹತ್ರ ಹಿಡೀರಿ. ಗಾಳಿ ತಾಗ್ಬೇಕು. ಹ!”

“ಅ” ಅಂದಿತು ಕೇರಿ.

“ಅ ಅಲ್ಲ, ಹ! ಎಲ್ಲಿ, ಹಿಲ್ ಅನ್ನಿ.”

“ಇಲ್ಲು.”

“ಇಲ್ಲು ಅಲ್ಲ!”

“ಅಲ್ಲ ಅಂದ್ರೆ ಇಲ್ಲ ಅಂತಾನಾ ಬುದ್ಧಿ?” ಅಂದಳು ಚಿಕ್ಕಬಸಮ್ಮ. ಅವಳಿಗೆ ನಿಜವಾಗಿ ಗೊತ್ತಾಗಿರಲಿಲ್ಲ.

ದೊಡ್ಡಸಿದ್ದಯ್ಯನಿಗೆ ಕೆಮ್ಮು ಬಂತು. ಆ ಕೆಮ್ಮಿನ ಮಧ್ಯೆ ಒಂದು ಅಪ್ಪಟ ‘ಹ’ ಹೊರಬಿತ್ತು. ರುದ್ರಸ್ವಾಮಿ ಖುಷಿಯಲ್ಲಿ ಬೆನ್ನು ತಟ್ಟಲು ಕೈ ಚಾಚಿದವನು, ಏನೋ ನೆನಪಾಗಿ, ಕೈ ಹಿಂದಕ್ಕೆಳೆದುಕೊಂಡು ತನ್ನ ಬೆನ್ನನ್ನೇ ಕೆರೆದುಕೊಂಡ. ಆಮೇಲೆ ಅರ್ಥ ಬಿಡಿಸಿ ಹೇಳಿದ. ಹಿಲ್ ಅಂದರೆ ಬೆಟ್ಟ, ವ್ಯೂ ಅಂದರೆ ನೋಡುವುದು. ಇಷ್ಟು ಮಾತ್ರ ದೊಡ್ಡಸಿದ್ದಯ್ಯನ ತಲೆಗೆ ಚೆನ್ನಾಗಿ ಹತ್ತಿತು.

ಪಾಠದ ಪರಿಣಾಮ ಆಗಲಿಲ್ಲ ಅನ್ನುವ ಹಾಗಿಲ್ಲ. ಬೇಕಾದ ಕಡೆ ‘ಹ’ ಬರಲಿಲ್ಲ, ಬೇಡದ ಕಡೆಯೆಲ್ಲ ಬರತೊಡಗಿತು. ಕೇರಿಯ ಹೆಂಗಸರು ಅಕ್ಕನನ್ನು ಹಕ್ಕ ಅಂದರು, ಉಪ್ಪನ್ನು ಹುಪ್ಪು ಅಂದರು. ಒಂದು ಬೆಳಿಗ್ಗೆ ಚಿಕ್ಕಬಸಮ್ಮ ರುದ್ರಸ್ವಾಮಿಯ ಮನೆಯ ಹಿತ್ತಲಲ್ಲಿ ನಿಂತು ಅವನ ಹೆಂಡತಿ ರುದ್ರಾಣಿಯನ್ನು ಕೂಗಿದಳು.

“ಹವ್ವೋರೇ, ಹವ್ವೋರೇ! ಹೆಮ್ಮೆ ನುಗ್ಗಿ ಬಾಗ್ಲಲ್ಲೇ ಸಗಣಿ ಆಕದೆ!”

ರುದ್ರಾಣಿ ಯಳಂದೂರಿನವಳು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. “ಅಯ್ಯೋ ಬಸಮ್ಮ, ನಮ್ಮನೆಯವ್ರ ಕಿವೀಗ್ ಬಿದ್ರೆ ಎದೆ ಒಡ್ಕತಾರೆ ಕಣೆ. ಅದ ಒರೀಕೆ ಓಡ್ಸು ಓಗು. ಈ ಇಲಿಯೂರಿಗೆ ಬಂದಾಗಿಂದ ನಂಗೂ ಸಾಕಾಗೋಗದೆ.”

ಎಮ್ಮೆಯ ಹಿಂದೆ ಓಡುತ್ತಿದ್ದ ಚಿಕ್ಕಬಸಮ್ಮ ನಿಂತುಬಿಟ್ಟಳು. ಒರೀಕೆ. ಓಗು. ಇಲಿಯೂರು. ಅವ್ವೋರ ಬಾಯಲ್ಲೂ ‘ಹ’ ಇಲ್ಲ! ಅವ್ವೋರು ಎಂದಾದರೂ ಕಿಂಡಿಯಲ್ಲಿ ತೆವಳಿದ್ದು ಉಂಟಾ? ಅವಳು ಆ ಯೋಚನೆಯನ್ನು ಕಸದ ಕುಕ್ಕೆಯ ಜೊತೆಗೇ ಹೊತ್ತುಕೊಂಡು ಮನೆಗೆ ಹೋದಳು.

ಮಗಳು ಆಶಾರಾಣಿ ಕೊಳ್ಳೇಗಾಲದ ಕಾಲೇಜಿಗೆ ಹೋಗುತ್ತಿದ್ದವಳು. ಕೇಳಿ ಸಿಟ್ಟಾದಳು. “ನಾಳೆ ನಾನೂ ಬತ್ತೀನವ್ವ. ನಂಗೆ ಏಳಕ್ಕೆ ಬತ್ತದೆ. ನಿನ್ನ ಕೈ ಇಡ್ಕಂಡು ಗೇಟಲ್ಲೇ ಕರ್ಕೋಯ್ತೀನಿ.”

ಮಾರನೆಯ ದಿನ ಕೇರಿಯ ಹೆಂಗಸರೆಲ್ಲ ಹಿಂದೆ ನಿಂತರು. ರುದ್ರಸ್ವಾಮಿ ವಾಕಿಂಗ್ ಮುಗಿಸಿ ಗೇಟಿನಲ್ಲೇ ಇದ್ದ. ಆಶಾರಾಣಿ ಸ್ಪಷ್ಟವಾಗಿ, ಕಾಲೇಜಿನ ಮೇಡಮ್ಮು ಕೇಳಿದರೆ ಹೇಗೆ ಹೇಳುತ್ತಾಳೋ ಹಾಗೆ, “ಹಿಲ್ ವ್ಯೂ” ಅಂದಳು.

ಮಾದು ಸಂತೋಷದಲ್ಲಿ ಗೇಟಿನ ಅಗುಳಿಗೆ ಕೈ ಹಾಕಿದ.

“ಇರೋ, ಇರೋ” ಅಂದ ರುದ್ರಸ್ವಾಮಿ. “ವ್ಯೂ ಸ್ವಲ್ಪ ಎಳೀಬೇಕು.”

ಆಶಾರಾಣಿ ಎಳೆದಳು.

“ಅಷ್ಟು ಎಳೀಬಾರ್ದು.”

ಅಷ್ಟು ಎಳೆಯದೆ ಹೇಳಿದಳು. ರುದ್ರಸ್ವಾಮಿ ಆಕಾಶ ನೋಡಿದ, ಕಮಾನು ನೋಡಿದ, ತನ್ನ ಚಪ್ಪಲಿ ನೋಡಿದ. ಕೊನೆಗೆ ಹೊಟ್ಟೆಯೊಳಗಿದ್ದದ್ದೇ ಹೊರಗೆ ಬಂತು.

“ನೀನು ಕಲಿತು ಹೇಳ್ತಿದೀಯ. ಇದೆಲ್ಲ ಕಲಿತು ಬರೋದಲ್ಲ. ಹುಟ್ಟಿನಿಂದ ಬರ್ಬೇಕು.”

ಅಷ್ಟರಲ್ಲಿ ಕೊಳ್ಳೇಗಾಲದ ಕಡೆಯಿಂದ ತರಕಾರಿ ತುಂಬಿಕೊಂಡು ಒಂದು ಆಟೋ ಬಂತು. ಒಳಗೆ ರುದ್ರಾಣಿ. ತಲೆ ಹೊರಗೆ ಹಾಕಿ, “ಲೇ ಮಾದು, ಗೇಟ್ ತಗೀಲಾ, ಒತ್ತಾಯ್ತದೆ! ಇಲಿಯೂರಿಗೆ ಬರಕಿಲ್ಲ ಅಂತ ಈ ಆಟೋದೋನು ಬೇರೆ ರೇಗಾಡ್ತಾವ್ನೆ” ಅಂದಳು. ಗೇಟು ತೆರೆಯಿತು. ಆಟೋ ಕಮಾನಿನ ಕೆಳಗೆ ಹೋಯಿತು. ಗೇಟು ಮುಚ್ಚಿತು.

ಚಿಕ್ಕಬಸಮ್ಮ ಮುಂದೆ ಬಂದಳು. ಕೈಯಲ್ಲಿದ್ದ ಪೊರಕೆಯನ್ನು ಗೇಟಿಗೆ ಒರಗಿಸಿದಳು. ಹುಟ್ಟಿದಾಗಿನಿಂದ ಈ ಜನಕ್ಕೆ ‘ಬುದ್ಧಿ’ ಅಂತಿದ್ದವಳು ಆವತ್ತು ಹೆಸರು ಹಿಡಿದಳು.

“ರುದ್ರಸ್ವಾಮೇರೆ, ಇದ ಮೊದ್ಲೇ ಏಳ್ಬೋದಿತ್ತಲ್ಲ. ಇಷ್ಟು ದಿನ ಬಾಯ್ ಬಾಯ್ ಬುಡ್ಸುದ್ರಿ ನಮ್ಮನ್ನ. ಇವತ್ತಿಂದ ನಾವು ಕಿಂಡೀಲೂ ಬರಾಕಿಲ್ಲ, ಆ ಎಸರೂ ಏಳಾಕಿಲ್ಲ. ಈ ಕಮಾನ್ಗೆ ಸಿಮೆಂಟು ಒತ್ತೋಳು ನಾನು. ಇದರ ಕೆಳಗೇ ನೆಟ್ಟಗೆ ನಡ್ಕಂಡು ಬತ್ತೀನಿ. ಇಲ್ದಿದ್ರೆ ನಿಮ್ಮ ಪಾಯಿಖಾನೆ ನೀವೇ ತೊಳ್ಕಳಿ.”

“ಹೇಳ್ಬೇಡಿ!” ಅಂತ ಕಿರುಚಿದ ರುದ್ರಸ್ವಾಮಿ. “ಕೇರಿಯವರ ಬಾಯಲ್ಲಿ ನಮ್ಮ ಬಡಾವಣೆ ಹೆಸರು ಬರಲೇಕೂಡದು! ಯಾರು ಕೇಳಿದ್ರೂ ಹೇಳಕೂಡದು!”

“ಆಗ್ಲಿ” ಅಂದಳು ಚಿಕ್ಕಬಸಮ್ಮ.

ಹೆಂಗಸರೆಲ್ಲ ಹನೂರು ರಸ್ತೆಯ ಮೂಲೆಯ ಮೋರಿಕಟ್ಟೆಯ ಮೇಲೆ ಹೋಗಿ ಕೂತರು. ಮನೆಯಲ್ಲಿ ಹಿಟ್ಟು ಕಮ್ಮಿಯಾಯಿತು. ಮಾದು ಸಂಜೆ ಮನೆಗೆ ಬಂದರೆ ಅವ್ವ ಮಾತಾಡುತ್ತಿರಲಿಲ್ಲ, ಮುದ್ದೆ ಮಾತ್ರ ಇಕ್ಕುತ್ತಿದ್ದಳು. ಬಡಾವಣೆಯಲ್ಲಿ ಕಸ ಬೆಳೆಯಿತು. ಕಸದ ವಾಸನೆ ಹಿಡಿದು ನಿಜವಾದ ಇಲಿಗಳು ಬಂದವು, ಹೆಗ್ಗಣಗಳೂ ಬಂದವು. ಕಿಂಡಿ ಖಾಲಿ ಬಿದ್ದಿದ್ದರಿಂದ ಎಮ್ಮೆಯ ಕರುಗಳು ನುಗ್ಗಿ ಗುಲಾಬಿ ಗಿಡ ತಿಂದವು. ರುದ್ರಸ್ವಾಮಿ ಮೂಗಿಗೆ ಟವೆಲ್ಲು ಕಟ್ಟಿಕೊಂಡು ಸ್ವತಃ ಪಾಯಿಖಾನೆಗೆ ಫಿನಾಯಿಲ್ ಹಾಕಿದ್ದನ್ನು ರುದ್ರಾಣಿಯೇ ಎಲ್ಲರಿಗೂ ಹೇಳಿದಳು. ಆದರೂ ಅವನು ಬಗ್ಗಲಿಲ್ಲ. ಅವನಿಗೆ ಬಗ್ಗಿ ಅಭ್ಯಾಸವಿರಲಿಲ್ಲ.

ಗಂಡಿನ ಕಡೆಯವರು ಬರುವ ದಿನ ಬಂತು. ಬೆಳಿಗ್ಗೆ ಒಂದು ಮೆಟಡೋರ್ ವ್ಯಾನು ಮೋರಿಕಟ್ಟೆಯ ಹತ್ತಿರ ನಿಂತಿತು. ಮುಂದುಗಡೆ ಹುಡುಗ ಹರ್ಷವರ್ಧನ್, ತಲೆ ತುಂಬ ಗುಂಗುರು ಕೂದಲು. ಹಿಂದೆ ಹಣ್ಣಿನ ತಟ್ಟೆ ಹಿಡಿದ ನೆಂಟರು.

“ಹಿಲ್ ವ್ಯೂ ಎಲ್ಲಮ್ಮ?” ಅಂತ ಹುಡುಗ ಚಿಕ್ಕಬಸಮ್ಮನನ್ನು ಕೇಳಿದ.

“ಅದ ನಾವು ಏಳಂಗಿಲ್ಲ ಸಾ.”

“ಯಾಕಮ್ಮ?”

“ಏಳಬ್ಯಾಡಿ ಅಂದವ್ರೆ.”

ಹುಡುಗನಿಗೆ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲಿ ಬಿಸಿಲು ಕಾಯುತ್ತಿದ್ದ ದೊಡ್ಡಸಿದ್ದಯ್ಯನಿಗೆ ಅಯ್ಯೋ ಅನ್ನಿಸಿತು. ಅವನಿಗೆ ಹೆಸರು ಹೇಳಲು ಬರುತ್ತಿರಲಿಲ್ಲ, ಹೇಳಲೂ ಇಲ್ಲ. ಅರ್ಥ ಗೊತ್ತಿತ್ತಲ್ಲ.

“ಬೆಟ್ಟ ನೋಡಾಕೆ ತಾನೆ ಮಗಾ?”

“ಬೆಟ್ಟನಾ? ಹೂಂ, ಹಿಲ್... ವ್ಯೂ” ಅಂದ ಹುಡುಗ.

“ಮದುವೆ ಇಚಾರ್ವಾ?”

“ಹೌದು ತಾತ.”

“ಅಂಗಾರೆ ಮಾದಪ್ಪನ ಬೆಟ್ಟವೇ. ಇಂಗೇ ನೆಟ್ಟಗೋಗಿ. ಅನೂರು, ಅಜ್ಜೀಪುರ, ಆಮೇಕೆ ಕಾಡು. ತಿರುವು ಜಾಸ್ತಿ, ವಾಂತಿ ಮಾಡೋರ್ಗೆ ನಿಂಬೆಅಣ್ಣು ಮೂಸ್ಸಿ.”

ಅವನು ಕುಹಕ ಮಾಡಲಿಲ್ಲ. ಮದುವೆಗೆ ಮುಂಚೆ ಮಾದಪ್ಪನ ದರ್ಶನ ಒಳ್ಳೆಯದು ಅಂತ ಮನಸಾರೆ ನಂಬಿದ್ದ. ಚಿಕ್ಕಬಸಮ್ಮ ಬಾಯಿ ತೆರೆದಳು. ಹೇಳಕೂಡದು ಅಂದಿದ್ದು ನೆನಪಾಗಿ ಮುಚ್ಚಿಕೊಂಡಳು. ವ್ಯಾನು ಹನೂರಿನ ಕಡೆ ಹೊರಟಿತು.

ಕಮಾನಿನ ಕೆಳಗೆ ರೇಷ್ಮೆ ಶಲ್ಯ ಹೊದ್ದು ಹಾರ ಹಿಡಿದು ನಿಂತ ರುದ್ರಸ್ವಾಮಿ ಮಧ್ಯಾಹ್ನದವರೆಗೆ ನಿಂತಿದ್ದ. ಆಮೇಲೆ ಕುರ್ಚಿ ತರಿಸಿದ. ಪಾಯಸ ಗಟ್ಟಿಯಾಯಿತು. ಹಾರದ ಒಂದು ತುದಿಯನ್ನು ಕರು ತಿಂದಿತು.

ಬಿಸಿಲು ಇಳಿಯುವ ಹೊತ್ತಿಗೆ ವ್ಯಾನು ತಿರುಗಿ ಬಂತು. ಎಲ್ಲರ ಹಣೆಯ ಮೇಲೂ ವಿಭೂತಿ, ಕೈಯಲ್ಲಿ ಲಾಡು. ಹರ್ಷವರ್ಧನನ ತಲೆ ಬೋಳು. ದಾರಿ ತಪ್ಪಿ ಬೆಟ್ಟ ಸೇರಿದ ಮೇಲೆ ಅವನ ಅಜ್ಜಿಗೆ ಹಳೆಯ ಹರಕೆಯೊಂದು ನೆನಪಾಗಿತ್ತು. ಬಂದದ್ದು ಬಂದಾಯಿತು, ಮುಡಿ ಕೊಟ್ಟುಬಿಡು ಅಂತ ಕೂರಿಸಿಯೇಬಿಟ್ಟಿದ್ದಳು. ಗುಂಗುರು ಕೂದಲು ಮಾದಪ್ಪನ ಪಾಲಾಗಿತ್ತು. ಅಲ್ಲಿಂದ ಎಲ್ಲಿ ತಿರುಗಬೇಕೋ ತಿಳಿಯದೆ ಗಡಿಯ ಪಾಲಾರ್‌ವರೆಗೆ ಇಳಿದು, ಚೆಕ್‌ಪೋಸ್ಟಿನ ಪೊಲೀಸರ ಕೈಲಿ ಬೈಸಿಕೊಂಡು, ವಾಪಸು ಬರುವಾಗ ಹನೂರಿನ ಟೀ ಅಂಗಡಿಯಲ್ಲಿ ಕೇಳಿದ್ದರು. ಅಂಗಡಿಯವನು, “ಓ, ಇಲಿಯೂರಾ! ಅಂಗನ್ನಿ ಮತ್ತೆ” ಅಂದಿದ್ದ.

ಅಜ್ಜಿ ಕಿಟಕಿಯಲ್ಲಿ ತಲೆ ಹಾಕಿದಳು. “ತಾಯೀ, ಇಲಿಯೂರು ಎಲ್ಲವ್ವಾ?”

ಈ ಹೆಸರನ್ನು ಹೇಳಕೂಡದು ಅಂತ ಯಾರೂ ಅಂದಿರಲಿಲ್ಲ. ಚಿಕ್ಕಬಸಮ್ಮ ಸೀರೆ ಕೊಡವಿಕೊಂಡು ಎದ್ದಳು. “ಬನ್ನಿ, ತೋರುಸ್ತೀನಿ.” ವ್ಯಾನಿನ ಮುಂದೆ ತಾನೇ ನಡೆದಳು. ಹಿಂದೆ ವ್ಯಾನು, ಅದರ ಹಿಂದೆ ಕೇರಿ.

ಗೇಟು ಮುಚ್ಚಿತ್ತು. ಮಾದು ಅವ್ವನನ್ನು ನೋಡಿದ. ವ್ಯಾನಿನ ಹತ್ತಿರ ಬಂದು ನೆಟ್ಟಗೆ ನಿಂತ.

“ಯಾವೂರ್ಗೆ?”

“ಇಲಿಯೂರ್ಗೆ ಕಣಪ್ಪ, ಎಣ್ಣು ನೋಡಕ್ಕೆ!” ಅಂದಳು ಅಜ್ಜಿ.

ಮಾದು ಸಲ್ಯೂಟ್ ಹೊಡೆದ. “ಅಂಗಾರೆ ಈ ಗೇಟಲ್ಲಿ ಬರಂಗಿಲ್ಲ ಅಜ್ಜಿ. ರೂಲ್ಸು. ಇಂದ್ಗಡೆ ಕಿಂಡಿ ಅದೆ. ಸೀರೆ ಮ್ಯಾಲೆ ಕಟ್ಕಳಿ, ಕೈ ಊರ್ಕಂಡು ತೆವಳ್ಬೇಕು.”

ವ್ಯಾನಿನೊಳಗೆ ಗದ್ದಲ ಎದ್ದಿತು. ರುದ್ರಸ್ವಾಮಿ ಓಡಿ ಬಂದ. ಬೋಳುತಲೆಯ ಭಾವೀ ಅಳಿಯನನ್ನು ನೋಡಿದ, ಅಜ್ಜಿಯನ್ನು ನೋಡಿದ, ಅವಳ ಜರಿ ಸೀರೆಯನ್ನು ನೋಡಿದ.

“ತೆಗಿಯೋ ಗೇಟು!”

“ಯಾರ್ಗೆ ಸಾ? ಅಜ್ಜೀನೂ ಇಲಿಯೂರು ಅಂದ್ರು. ನಮ್ಮವ್ವನೂ ಇಲಿಯೂರೇ ಅಂದದ್ದು. ಅಜ್ಜಿಗೆ ತಗದ್ರೆ ಅವ್ವನ್ಗೂ ತಗೀಬೇಕು, ಅವ್ವನ್ಗೆ ಕಿಂಡಿ ಅಂದ್ರೆ ಅಜ್ಜಿಗೂ ಕಿಂಡಿ. ನೀವೇ ಏಳಿ ಸಾ, ರೂಲ್ಸ್ ನಿಮ್ದು.”

ಅದೇ ಸೀಮೆಯ ಮುಳ್ಳೂರಿನಲ್ಲಿ ಹುಟ್ಟಿ ಬೆಳೆದ ರುದ್ರಸ್ವಾಮಿಯ ನಾಲಿಗೆ ಅಲ್ಲಿ ಜಾರಿತು. “ಎಲ್ರೂ ಓಗ್ಲಿ ಬುಡ್ಲಾ! ಆಳಾಗೋಗ್ಲಿ, ಎಲ್ರೂ ಒಳೀಕೆ ಓಗ್ಲಿ!”

ಅಧ್ಯಕ್ಷರ ಬಾಯಿಂದ ಒಂದಲ್ಲ, ಮೂರು ‘ಹ’ ಬಿದ್ದುಹೋಗಿದ್ದವು. ಬಾಲ್ಕನಿಯಿಂದ ಇಂಚರಳ ನಗು ಕೇಳಿಸಿತು. ಬೋಳುತಲೆ ಮೇಲೆತ್ತಿ ನೋಡಿದ ಹರ್ಷವರ್ಧನನೂ ನಕ್ಕುಬಿಟ್ಟ.

ಮಾದು ಗೇಟಿನ ಎರಡೂ ಬಾಗಿಲನ್ನು ಹಾರುಹೊಡೆದ. ಮೊದಲು ಚಿಕ್ಕಬಸಮ್ಮ ಹೋದಳು. ಸೊಂಟ ನೋಯುತ್ತಿತ್ತು, ಆದರೂ ಬೇಕಂತಲೇ ನೆಟ್ಟಗೆ, ನಿಧಾನವಾಗಿ ಹೋದಳು. ವ್ಯಾನು ಅವಳ ಹಿಂದೆ ಹಾರ್ನ್ ಮಾಡದೆ ಬಂತು. ಆಮೇಲೆ ಕೇರಿಯ ಹೆಂಗಸರು, ದೊಡ್ಡಸಿದ್ದಯ್ಯ, ಅವನ ಎರಡು ಎಮ್ಮೆ.

ಬೆಳಗಾಗುತ್ತಲೇ ರುದ್ರಸ್ವಾಮಿಗೆ ಬುದ್ಧಿ ತಿರುಗಿತು. ನಿನ್ನೆಯದು ನಿನ್ನೆಗೆ, ಇವತ್ತಿನಿಂದ ಮತ್ತೆ ಕಿಂಡಿ ಅಂತ ಹೇಳಲು ಹಿಂದುಗಡೆಗೆ ಹೋದ. ಅಲ್ಲಿ ಚಿಕ್ಕಬಸಮ್ಮ ಕೂತಿದ್ದಳು. ಆಶಾರಾಣಿ ಗಾರೆ ಕಲಸಿ ಕೊಡುತ್ತಿದ್ದಳು, ಇವಳು ಕಲ್ಲು ಕೂರಿಸಿ ಕರಣೆಯಲ್ಲಿ ಮೆತ್ತುತ್ತಿದ್ದಳು. ಕಿಂಡಿ ಮುಕ್ಕಾಲು ಮುಚ್ಚಿತ್ತು.

“ಏಯ್, ಏನ್ಮಾಡ್ತಿದೀಯ! ಮಳೆನೀರು ಎಲ್ಲಿ ಹೋಗ್ಬೇಕು?”

ಚಿಕ್ಕಬಸಮ್ಮ ಕೂತಲ್ಲಿಂದ ಏಳಲಿಲ್ಲ. ಬುಡದಲ್ಲಿ ಬಿಟ್ಟಿದ್ದ ಗೇಣಗಲದ ಸಂದನ್ನು ಕರಣೆಯ ತುದಿಯಲ್ಲಿ ತೋರಿಸಿದಳು.

“ನೀರ್ಗೆ ಜಾಗ ಬುಟ್ಟಿವ್ನಿ. ಅದು ಬಗ್ಗಿ ಓಯ್ತದೆ. ನಾವು ಓಗಾಕಿಲ್ಲ.”